ಜಗಲಿ ಮೇಲಿನ ಮೊದಲ ಮುದ್ರಣ

ಹಳೆಯ ಪುಸ್ತಕಗಳ ಮೊದಲ ಮುದ್ರಣ ಹುಡುಕುವ ಹುಚ್ಚು ನನಗೆ ಮೊದಲಿನಿಂದಲೂ ಇದೆ. ಆದರೆ ಅವತ್ತು ಕೊಟ್ಟೂರಿನಿಂದ ಹಿರೇಹಡಗಲಿಯ ಬಸ್ಸು ಹತ್ತಿದ್ದು ಬರೀ ಆ ಹುಚ್ಚಿಗಲ್ಲ. ಪಕ್ಕದಲ್ಲಿ ಕೂತಿದ್ದ ದೊಡ್ಡಮ್ಮ ಕೊಟ್ರಬಸಮ್ಮನ ಮಾತಿನ ಬೆಲೆ ಅಲ್ಲಿದ್ದ ಒಂದು ಪುಸ್ತಕದ ಮೇಲೆ ನಿಂತಿತ್ತು.

ದೊಡ್ಡಮ್ಮ ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು. ಆಗ ನಮ್ಮ ಮನೆಯಲ್ಲಿ ಬಾಡಿಗೆಗಿದ್ದ ಮೇಷ್ಟ್ರು ‘ಉಚ್ಚಂಗೆಮ್ಮನ ಮೆಟ್ಟಿಲು’ ಎಂಬ ಕಾದಂಬರಿ ಬರೆದರು. ಬರೆದಷ್ಟನ್ನೂ ಅವಳಿಗೆ ಓದಿ ಹೇಳುತ್ತಿದ್ದರಂತೆ. ಅಚ್ಚಾಗುವ ಹೊತ್ತಿಗೆ ಅವರಿಗೆ ವರ್ಗವಾಯಿತು.

“ಅರ್ಪಣೆ ಹಾಳ್ಯಾಗ ನನ್ನ ಹೆಸರು ಹಾಕ್ಸೀನಿ ಅಂದಿದ್ರು” ಎಂದು ದೊಡ್ಡಮ್ಮ ಇವತ್ತಿಗೂ ಹೇಳುತ್ತಾಳೆ. ಲೈಬ್ರರಿಯ ಪ್ರತಿಯಲ್ಲಿ ಆ ಹಾಳೆಯೇ ಇಲ್ಲ. ನಮ್ಮ ಬಳಗಕ್ಕೆ ಅಷ್ಟೇ ಸಾಕಾಯಿತು. ಮದುವೆ ಮನೆಗಳಲ್ಲಿ ‘ಪುಸ್ತಕದ ರಾಣಿ ಬಂದ್ಲು’ ಎಂದು ನಗುತ್ತಾರೆ. ಓದು ಬರಹದ ಗಂಧವಿಲ್ಲದ ಮಂದಿ! ಲೈಬ್ರರಿಯಲ್ಲಿರುವುದು ಎರಡನೇ ಮುದ್ರಣ ಎಂದು ನಾನು ಎಷ್ಟು ಬಡಕೊಂಡರೂ ಗೋರ್ಕಲ್ಲ ಮೇಲೆ ಮಳೆ ಸುರಿದಂತೆ.

ಹೋದ ತಿಂಗಳು ಹಿರೇಹಡಗಲಿಗೆ ತೊಟ್ಟಿಲ ಕಾರ್ಯಕ್ಕೆಂದು ಹೋದಾಗ ಆ ಮನೆಯ ಹುಲುಗಮ್ಮನ ದೇವರ ಜಗಲಿ ಮೇಲೆ ಆ ಪುಸ್ತಕ ಕಂಡೆ. ಆಗ ಮಂದಿಯ ಗದ್ದಲದಲ್ಲಿ ತೆಗೆದು ನೋಡಲಾಗಲಿಲ್ಲ. ಹೊದಿಕೆಯ ಮೇಲಿನ ಗುಡಿ, ಮೆಟ್ಟಿಲು ನೋಡಿ ಅವರು ಅದನ್ನು ದೇವಿಪುರಾಣವೆಂದು ತಿಳಿದು ಪೂಜೆ ಮಾಡುತ್ತಿದ್ದರು.

ಅವತ್ತು ನಾವಿಬ್ಬರೂ ಹೋದಾಗ ಹುಲುಗಮ್ಮ ಕುಂಕುಮದ ಭರಣಿ ತಂದಳು. ನಾನು ಹಣೆ ಕೊಟ್ಟೆ. ದೊಡ್ಡಮ್ಮ ಅಭ್ಯಾಸದಂತೆ ಬಾಗಿಲ ಹಿಂದಕ್ಕೆ ಸರಿದಳು.

“ಕೈಕಾಲು ತೊಳ್ಕಂಡು ಮುಟ್ರೆವ್ವಾ, ದೇವ್ರ ಪುಸ್ತಕ ಐತಿ” ಎಂದಳು ಹುಲುಗಮ್ಮ.

ತೊಳೆದು ಮುಟ್ಟಿದೆ. ಒಳಗೆ ‘ಮೊದಲ ಮುದ್ರಣ’ ಎಂದಿತ್ತು. ಅದನ್ನು ನಂಬುವಂತಿಲ್ಲ. ಆ ಪ್ರಕಾಶಕ ಎರಡನೇ ಸಲವೂ ಅದೇ ಸಾಲನ್ನು ಹಾಗೇ ಉಳಿಸಿದ್ದ. ಹಿಂದಿನ ರಟ್ಟಿನ ಮೇಲಿನ ಬೆಲೆ ನೋಡಬೇಕು: ಎರಡನೆಯದಕ್ಕೆ ಒಂಬತ್ತು ರೂಪಾಯಿ, ಮೊದಲನೆಯದಕ್ಕೆ ಆರು. ಎಣ್ಣೆಯ ಜಿಡ್ಡನ್ನು ಸೆರಗಿನಿಂದ ಒರೆಸಿದೆ. ಆರು!

ಆದರೆ ಅರ್ಪಣೆಯ ಹಾಳೆ ಮುಂದಿನ ಹಾಳೆಗೆ ಅಂಟಿ ಹೋಗಿತ್ತು. ನನಗೆ ಭಯವಾಯಿತು. ಹರಿದರೆ ಇನ್ನೊಂದು ಪ್ರತಿ ಎಲ್ಲಿಂದ ತರಲಿ? ಬಿಡಿಸಿದರೂ ಅಲ್ಲಿ ಬೇರೆ ಯಾರದೋ ಹೆಸರಿದ್ದರೆ?

“ಬ್ಯಾಡ ಬಿಡು ಗಂಗಾ, ಹೋಗಾಣ” ಎಂದಳು ದೊಡ್ಡಮ್ಮ. ಅವಳಿಗೂ ಅದೇ ಭಯ. ಅವಳೂ ಆ ಹಾಳೆಯನ್ನು ಕಣ್ಣಾರೆ ಕಂಡವಳಲ್ಲ.

ನಾನು ಬಿಡಲಿಲ್ಲ. ಪರ್ಸಿನಿಂದ ಆಧಾರ್ ಕಾರ್ಡ್ ತೆಗೆದು ಎರಡು ಹಾಳೆಗಳ ನಡುವೆ ಮೆಲ್ಲಗೆ ತೂರಿಸಿದೆ. ಒಂದು ಮೂಲೆ ಚರ್ರೆಂದಿತು. ನಿಲ್ಲಿಸಿದೆ. ಮತ್ತೆ ತೂರಿಸಿದೆ. ಹಾಳೆ ಬಿಟ್ಟುಕೊಂಡಿತು.

‘ಈ ಕಥೆಯನ್ನು ನನಗಿಂತ ಚೆನ್ನಾಗಿ ಬಲ್ಲ’ ಎಂದಿತ್ತು. ಅದರ ಕೆಳಗೆ ಹೆಸರಿರಬೇಕಾದ ಕಡೆ ಕುಂಕುಮ ಗಟ್ಟಿಯಾಗಿ ಕೂತಿತ್ತು.

“ದೀಪಾವಳಿಗೊಮ್ಮೆ ಅಲ್ಲೇ ಇಡ್ತಿದ್ದೆನ್ರಿ, ಹಾಳಿ ತುಂಬ ಜಾಗ ಐತಲ್ಲಾ ಅಂತ. ಆ ಎಣ್ಣಿ ಕುಂಕುಮಕ್ಕ ಈಚೀಗೆ ಹಾಳಿ ಅಂಟ್ಕಂತು” ಎಂದಳು ಹುಲುಗಮ್ಮ.

ಉಗುರಿನಿಂದ ಕುಂಕುಮ ಕೆರೆದೆ. ‘ಕೊ’ ಕಂಡಿತು. ಆಮೇಲೆ ಪೂರ್ತಿ: ‘ಕೊಟ್ರಬಸಮ್ಮನವರಿಗೆ.’ ನಾನು ಗಟ್ಟಿಯಾಗಿ ಓದಿದೆ. ಅಳು ತಡೆಯಲಾಗಲಿಲ್ಲ. ದೊಡ್ಡಮ್ಮ ಬೆರಳಿನಿಂದ ಆ ಕೆಂಪನ್ನು ಮುಟ್ಟುತ್ತ ನಿಂತಳು.

ಹುಲುಗಮ್ಮ ಅವಳ ಬರಿಯ ಹಣೆಯನ್ನೂ ಪುಸ್ತಕವನ್ನೂ ನೋಡಿದಳು. ಮತ್ತೆ ಭರಣಿ ತೆರೆದಳು.

“ಇಷ್ಟು ವರ್ಷ ನಿಮ್ಮ ಹೆಸ್ರಿಗೆ ಇಟ್ಟೀನ್ರೆವ್ವಾ. ಇವತ್ತು ಹಣಿಗೆ ಇಟ್ರ ತಪ್ಪೇನೈತಿ?”

ದೊಡ್ಡಮ್ಮ ಈ ಸಲ ಹಿಂದೆ ಸರಿಯಲಿಲ್ಲ.