ಒಂದು ಕೂಸಿಗೆಂದು ತೆರೆಯದ ಸೀಸೆ

ಹಿಂದೆ ಕೆಲಸಕ್ಕಿದ್ದ ಆಸ್ಪತ್ರೆಯಲ್ಲಿ ನರ್ಸಮ್ಮನಿಗೆ ಜಿಪುಣಮ್ಮ ಎಂದೇ ಹೆಸರು. ಕ್ಷಯದ ಲಸಿಕೆಯ ಒಂದು ಸೀಸೆ ಹತ್ತು ಕೂಸುಗಳಿಗಾಗುತ್ತಿತ್ತು. ತೆರೆದರೆ ಅಂದೇ ಮುಗಿಸಬೇಕು, ಉಳಿದದ್ದನ್ನು ಚೆಲ್ಲಬೇಕು. ಚೆಲ್ಲಲು ಅವಳಿಗೆ ಮನಸ್ಸೇ ಬರುತ್ತಿರಲಿಲ್ಲ. ಹತ್ತು ಕೂಸು ಸೇರುವ ತನಕ ಸೀಸೆ ಮುಟ್ಟಿದವಳಲ್ಲ. ಮೇಲಿನವರು ಶಹಬ್ಬಾಸ್ ಎಂದರು, ಇವಳೂ ಬೀಗಿದಳು. ಬೀಗದೆ ಮತ್ತೇನು, ಹೊಗಳಿಕೆ ಯಾರಿಗೆ ಕಹಿ?

ಈಗ ಅವಳಿರುವುದು ಸಂಶೋಧನಾ ಕೇಂದ್ರದಲ್ಲಿ. ಲಸಿಕೆ ಹಾಕಿಸಿಕೊಂಡ ಮಗುವಿನ ರಕ್ತದಲ್ಲಿ ಯಾವ ಗುರುತು ಕಂಡರೆ ಅದಕ್ಕೆ ಕ್ಷಯದಿಂದ ರಕ್ಷಣೆ ಸಿಕ್ಕಿದೆ ಎನ್ನಬಹುದು ಎಂದು ಅಲ್ಲಿ ಹುಡುಕುತ್ತಾರೆ. ಲಸಿಕೆ ತೋಳಿನ ಮೇಲೆ ಬಿಟ್ಟ ಕಲೆ ನೋಡಿ ರಕ್ಷಣೆ ಇದೆಯೋ ಇಲ್ಲವೋ ಹೇಳಲಾಗದು, ಅದಕ್ಕೇ ಇಷ್ಟೆಲ್ಲ ಪಾಡು. ಹೋಲಿಸಿ ನೋಡಲು ಲಸಿಕೆ ಹಾಕದ ಮಕ್ಕಳ ರಕ್ತವೂ ಬೇಕು.

ಅಂದು ಬೆಳಿಗ್ಗೆ ಹೆಂಗಸೊಬ್ಬಳು ಏಳು ವರ್ಷದ ಮಗಳನ್ನು ಕರೆತಂದಳು. ಹುಡುಗಿಯ ಎರಡೂ ಕಿವಿಗೆ ಮಶೀನು. ಹತ್ತು ತಿಂಗಳಿದ್ದಾಗ ಕ್ಷಯ ಮೆದುಳಿಗೇರಿ, ಜೀವ ಉಳಿದು ಕಿವಿ ಹೋಗಿತ್ತು. ನರ್ಸಮ್ಮ ತೋಳು ಸವರಿ ನೋಡಿದಳು. ಕಲೆ ಇರಲಿಲ್ಲ.

"ಲಸಿಕೆ ಯಾಕೆ ಹಾಕಿಸ್ಲಿಲ್ಲ?" ಅದು ಫಾರಮ್ಮಿನ ಪ್ರಶ್ನೆ, ಕೇಳಲೇಬೇಕು.

"ನನ್ನ ಅಸಡ್ಡೆ ಅಂತ ಬರ್ಕೊಳ್ಳಿ ಸಿಸ್ಟರ್. ನಮ್ಮತ್ತೆ ದಿನಾ ಅದನ್ನೇ ಅಂತಾರೆ. ಒಂದಿನ ಎತ್ಕೊಂಡು ಹೋಗಿದ್ದೆ. ಅಲ್ಲಿ ನಾನೊಬ್ಳೇ. 'ಒಂದು ಕೂಸಿಗೆ ಸೀಸೆ ತೆಗೆಯೋಕಾಗಲ್ಲ, ಬುಧವಾರ ಬಾಮ್ಮ' ಅಂದ್ರು. ಬುಧವಾರ ನಂಗೇ ಜ್ವರ. ಆಮೇಲೆ ಮನೆ ಬದಲಾಯ್ಸಿದ್ವಿ, ಹಂಗೇ ಮರೆತುಹೋಯ್ತು."

"ಯಾವ ಆಸ್ಪತ್ರೆ?"

"ಕಾಲುವೆ ಪಕ್ಕದ್ದು. ನೀಲಿ ಬಾಗಿಲು."

ಅದೇ ನರ್ಸಮ್ಮನ ಹಳೆಯ ಆಸ್ಪತ್ರೆ. ನೀಲಿ ಬಾಗಿಲೊಳಗೆ ಸೂಜಿ ಹಿಡಿಯುತ್ತಿದ್ದವಳು ಅವಳೊಬ್ಬಳೇ. ಈ ಮುಖ ನೆನಪಿಲ್ಲ. ಹೀಗೆ ಎಷ್ಟು ಜನರನ್ನು ವಾಪಸ್ ಕಳಿಸಿದ್ದಳೋ, ಎಷ್ಟು ಜನ ಮತ್ತೆ ಬಂದರೋ, ಒಂದು ದಿನವೂ ಯೋಚಿಸಿರಲಿಲ್ಲವಲ್ಲ! ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಈ ತಾಯಿ ಮಾತ್ರ ಕೊನೆಯತನಕ ತನ್ನನ್ನೇ ಹಳಿದುಕೊಂಡಿರುತ್ತಾಳೆ. 'ಅಸಡ್ಡೆ' ಎಂದು ಬರೆಯಲು ಊರಿದ ಪೆನ್ನನ್ನು ನರ್ಸಮ್ಮ ಎತ್ತಿದಳು.

"ಆ ಸಿಸ್ಟರ್ ನಾನೇ ಕಣಮ್ಮ. ಸೀಸೆ ಒಳಗೇ ಇತ್ತು. ನಿಮ್ಮ ಮಗೂಗೆ ತೆಗೀಬಹುದಿತ್ತು, ತೆಗೀಲಿಲ್ಲ. ತಪ್ಪು ನಂದು, ನಿಮ್ದಲ್ಲ."

ಹೆಂಗಸು ಅವಳನ್ನೇ ನೋಡಿದಳು. ಬೈಯಲಿ, ಬೈದರೆ ಸಾಕು ಎಂದು ನರ್ಸಮ್ಮ ಕಾದಳು. ಬೈಯಲಿಲ್ಲ.

"ಹಂಗೇ ಬರೀರಿ," ಎಂದಳು ಹೆಂಗಸು. "ಬರೆದು ಸಹಿ ಹಾಕಿ, ನಂಗೊಂದು ಜೆರಾಕ್ಸ್ ಕೊಡಿ. ನಮ್ಮತ್ತೆಗೆ ತೋರಿಸ್ಬೇಕು."

ನರ್ಸಮ್ಮ ಬರೆದಳು. ಕೆಲಸ ಹೋದರೆ ಹೋಗಲಿ ಎಂದುಕೊಂಡು ಸಹಿ ಹಾಕಿದಳು. ಆಮೇಲೆ ರಕ್ತ ತೆಗೆಯಲು ಸೂಜಿ ಹಿಡಿದು ಹುಡುಗಿಯತ್ತ ಬಾಗಿ, "ಸ್ವಲ್ಪ ನೋಯುತ್ತೆ ಪುಟ್ಟಾ," ಎಂದಳು.

ಹುಡುಗಿಗೆ ಕೇಳಿಸಲಿಲ್ಲ. ಇನ್ನೊಮ್ಮೆ, ಗಟ್ಟಿಯಾಗಿ ಹೇಳಬೇಕಾಯಿತು.