ಗಿಡಕ್ಕೆ ಹಾಕಲಾರದ ನೀರು

ಬೀದಿಯ ಹಿಂದಿನ ಹೊಳೆಯಲ್ಲಿ ಮೀನುಗಳು ಮತ್ತೆ ಹೊಟ್ಟೆ ಮೇಲಾಗಿ ತೇಲಿದವು. ನೂಲಿಗೆ ಬಣ್ಣ ಹಾಕುವ ಯಜಮಾನ ಮೂಗು ಮುಚ್ಚಿಕೊಂಡು ಪಕ್ಕದ ಮನೆಯವನನ್ನು ಬೈದ. ಅವನದೂ ಬಣ್ಣದ ಕೆಲಸವೇ, ಆದರೆ ಅವನ ಚರಂಡಿಯಲ್ಲಿ ಕೆಂಪು ನೀರು ಹರಿಯುತ್ತಿತ್ತು. ಇವನ ಕೈಚಳಕ ಹಾಗಲ್ಲ. ನೂಲು ಬಣ್ಣವನ್ನೆಲ್ಲ ಕುಡಿದು, ಹಂಡೆಯಲ್ಲಿ ಉಳಿಯುವ ನೀರು ತಿಳಿಯಾಗಿರುತ್ತಿತ್ತು. ತಿಳಿನೀರಿನಿಂದ ಯಾರಿಗೇನು ಕೆಡುಕು ಎಂದು ಎದೆಯುಬ್ಬಿಸಿ ಹೇಳುತ್ತಿದ್ದ.

ಈ ಯಜಮಾನನ ನಾದಿನಿ ನ್ಯಾಯಾಲಯದಲ್ಲಿ ಬೆರಳಚ್ಚುಗಾರ್ತಿ. ಹೊಳೆಗೂ ಕಾನೂನಿನ ಹಕ್ಕು ಬೇಕೆಂದು ಪುರಸಭೆಯನ್ನು ಕೇಳಲು ಅಂದು ಸಂಜೆ ಬೀದಿಯವರ ಸಭೆಯಿತ್ತು. ಬೀದಿಯಲ್ಲಿ ಭಾವನ ಮಾತಿಗೆ ತೂಕ. ಅವನು ಬೇಡ ಎಂದರೆ ಉಳಿದವರೂ ಬೇಡ ಎನ್ನುತ್ತಾರೆ, ಹೊಳೆಯ ಕಥೆ ಅಲ್ಲಿಗೆ ಮುಗಿದಂತೆ. ಅದಕ್ಕೇ ಅವಳು ಬೆಳಿಗ್ಗೆಯೇ ಬಂದಿದ್ದಳು.

"ಹೊಳೆಗೆ ಹಕ್ಕಂತೆ. ನಾಳೆ ಅದು ಕೋರ್ಟಿಗೆ ಬಂದು ಸಾಕ್ಷಿ ಹೇಳುತ್ತಾ?" ಎಂದು ಭಾವ ನಕ್ಕ.

"ತೊಟ್ಟಿಲ ಕೂಸು ಬರುತ್ತಾ ಭಾವ? ಅದರ ಪರವಾಗಿ ದೊಡ್ಡವರು ಹೋಗಲ್ವಾ? ಕಂಪನಿಗೆ ಕೈಕಾಲಿಲ್ಲ, ಅದೂ ಕೇಸು ಹಾಕುತ್ತೆ. ಕೆಲವು ದೇಶಗಳಲ್ಲಿ ನದಿಗೂ ಅಂಥ ಹಕ್ಕು ಕೊಟ್ಟಿದ್ದಾರೆ."

ಭಾವ ಜಗ್ಗಲಿಲ್ಲ. ಮೀನಿಗಾಗಿ ನಾವು ಹೊಟ್ಟೆ ಮೇಲೆ ತಣ್ಣೀರು ಬಟ್ಟೆ ಹಾಕಿಕೊಳ್ಳಬೇಕೇ ಎಂದು ಗೊಣಗಿ, ತನ್ನ ಹಂಡೆಯ ನೀರನ್ನು ತೋರಿಸಿದ. ಅವಳು ಅದರಿಂದ ಒಂದು ಚೊಂಬು ಮೊಗೆದು, ಬಾಗಿಲ ಬಳಿ ಅಕ್ಕ ಜತನದಿಂದ ಬೆಳೆಸಿದ್ದ ಗುಲಾಬಿ ಗಿಡದ ಬುಡಕ್ಕೆ ಬಗ್ಗಿದಳು.

ಭಾವ ಓಡಿಬಂದು ಅವಳ ಕೈ ಹಿಡಿದ. "ಬೇಡಮ್ಮ. ಬಣ್ಣ ಹಿಡಿಯಲಿ ಅಂತ ಹಾಕಿದ ಉಪ್ಪು, ಸೋಡಾ ಎಲ್ಲ ಅದರಲ್ಲೇ ಇದೆ. ಗಿಡ ಸುಟ್ಟುಹೋಗುತ್ತೆ."

ಹೇಳಿದ ಮೇಲೆ ಅವನ ಕಣ್ಣು ಹೊಳೆಯ ಕಡೆ ಹೋಯಿತು. ಗಿಡ ಬಾಡಿದರೆ ಕೇಳಲು ಹೆಂಡತಿ ಇದ್ದಳು. ಗಿಡ ಮುಟ್ಟಿದವರಿಗೆ ಇವತ್ತು ಊಟವಿಲ್ಲ ಎಂದು ಆಗಲೇ ಒಳಗಿನಿಂದ ಕೂಗುತ್ತಿದ್ದಳು. ಮೀನಿನ ಪರವಾಗಿ ಕೂಗಲು ಯಾರಿದ್ದರು? ಅವನಿಗೆ ನಿಜಕ್ಕೂ ನಾಚಿಕೆಯಾಯಿತು.

ಹೊಳೆಗೆ ಹೋಗುವ ಕೊಳವೆಗೆ ಬಿರಡೆ ಜಡಿದು, ಆ ದಿನದ ನೀರನ್ನೆಲ್ಲ ಡ್ರಮ್ಮುಗಳಿಗೆ ತುಂಬಿಸಿದ. ಸಂಜೆ ಸಭೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದು ನಿಂತ.

"ತಿಳಿಯಾಗಿದೆ ಅಂತ ನಾನೂ ವಿಷ ಬಿಟ್ಟಿದ್ದೀನಿ. ಎಲ್ಲರೂ ಸೇರಿ ನೀರು ಶುದ್ಧ ಮಾಡೋ ಘಟಕ ಕಟ್ಟೋಣ. ಹೊಳೆಗೆ ಹಕ್ಕು ಸಿಗಲಿ. ನಾಳೆ ನಾನು ತಪ್ಪು ಮಾಡಿದರೆ, ಹೊಳೆಯ ಪರವಾಗಿ ನನ್ನನ್ನೂ ಕೋರ್ಟಿಗೆ ಎಳೀರಿ."

ಪಕ್ಕದ ಮನೆಯವನೂ ಕೈ ಎತ್ತಿದ. ತಿಂಗಳುಗಳು ಕಳೆದರೂ ಹಕ್ಕಿನ ಬಗ್ಗೆ ಪುರಸಭೆ ಇನ್ನೂ ಯೋಚಿಸುತ್ತಲೇ ಇದೆ. ಘಟಕ ಮಾತ್ರ ಕೆಲಸ ಶುರುಮಾಡಿದೆ. ಹೊಳೆಯಲ್ಲಿ ಕಪ್ಪೆಗಳು ವಟಗುಟ್ಟುತ್ತಿವೆ, ನಿದ್ದೆ ಕೆಟ್ಟಿತೆಂದು ಭಾವ ಖುಷಿಯಿಂದಲೇ ಗೊಣಗುತ್ತಾನೆ.

ಬಂಧುಗಳೇ, ನಿಮ್ಮ ಮನೆಯಿಂದ, ಅಂಗಡಿಯಿಂದ, ಕಾರ್ಖಾನೆಯಿಂದ ಹೊರಬೀಳುವ ನೀರು ಎಲ್ಲಿಗೆ ಹೋಗುತ್ತದೆ, ಇವತ್ತೇ ನೋಡಿ. ನಿಮ್ಮ ಗಿಡಕ್ಕೆ ಹಾಕಲಾರದ ನೀರನ್ನು ಹೊಳೆಗೂ ಬಿಡಬೇಡಿ. ನಿಮ್ಮೂರ ಹೊಳೆಯ ಪರವಾಗಿ ಮಾತಾಡುವವರು ಯಾರೂ ಇಲ್ಲವೇ? ಹಾಗಾದರೆ ನೀವೇ ಎದ್ದು ನಿಲ್ಲಿ.