ಮೂರನೆಯ ಕ್ಯೂಬು

ಒತ್ತಡದ ಮುಳ್ಳು ಏರುತ್ತಿದೆ, ಇನ್ನೂರು, ಇನ್ನೂರ ಐವತ್ತು, ಮಧ್ಯಾಹ್ನದ ಬಿಸಿಲು ಗಾಜಿನ ಮೇಲೆ ಬಿದ್ದು ಅಂಕಿಗಳೆಲ್ಲ ಈಜಾಡುತ್ತಿವೆ, ಎಣ್ಣೆಯ ಕಮಟು, ಯಂತ್ರದ ಎರಡು ಉಕ್ಕಿನ ಹಲಗೆಗಳ ನಡುವೆ ಗೇಣುದ್ದವೂ ಇಲ್ಲದ ಕಾಂಕ್ರೀಟಿನ ತುಂಡು ಬಾಯಿ ಮುಚ್ಚಿಕೊಂಡು ಕೂತಿದೆ, ಮೂರನೆಯ ಕ್ಯೂಬು ಇದು, ಮೊದಲಿನ ಎರಡನ್ನು ಬೆಳಿಗ್ಗೆಯೇ ಒಡೆದು ಮುಗಿಸಿದ್ದಾರೆ, ಗಟ್ಟಿಯಾಗಿ ಓದೋ ಗಾರೆ, ನಿದ್ದೆ ಹೊಡೀತಿದ್ದೀಯಾ ಎಂದು ಹಿಂದಿನಿಂದ ಸಹಪಾಠಿಯೊಬ್ಬ ಕಿಸಕ್ಕೆಂದ — ಗಾರೆ, ಅಂಕಿ ಓದುತ್ತಿರುವ ಅವನಿಗೆ ಈ ಕಾಲೇಜಿನಲ್ಲಿ ಹೆಸರೇ ಅದಾಗಿಹೋಗಿದೆ, ಎಂಟನೆಯ ತರಗತಿಗೆ ಶಾಲೆ ಬಿಟ್ಟು, ಒಂಬತ್ತು ವರ್ಷ ಗಾರೆ ಕಲಸಿ, ಬಿಟ್ಟ ಪರೀಕ್ಷೆಗಳನ್ನೆಲ್ಲ ಹಟಕ್ಕೆ ಬಿದ್ದು ಹೊರಗಿನಿಂದ ಕಟ್ಟಿ, ಕಟ್ಟಡ ನಿರ್ವಹಣೆ ಕಲಿಯಲು ಬಂದವನಿಗೆ ಒಂದು ದಿನವೂ ಸನಿಕೆ ಮುಟ್ಟದವರು ಇಟ್ಟ ಹೆಸರು, ನಗಲಿ, ಹಲ್ಲು ಉದುರುವ ತನಕ ನಗಲಿ, ಕಲಿತು ಮುಗಿಸಿದ ಮೇಲೆ ಸೈಟಿನಲ್ಲಿ ಸಿಗುತ್ತಾರಲ್ಲ, ಮುನ್ನೂರ ಐವತ್ತು, ಪುಸ್ತಕ ಹೇಳುತ್ತದೆ ತಾರಸಿಗೆ ಹಾಕಿದ ಕಾಂಕ್ರೀಟಿನಿಂದಲೇ ಮೂರು ಕ್ಯೂಬು ತುಂಬಬೇಕಂತೆ, ಇಪ್ಪತ್ತೆಂಟು ದಿನ ನೀರಿನಲ್ಲಿ ನೆನೆಸಿ ಒಡೆಯಬೇಕಂತೆ, ಮುಳ್ಳು ಐನೂರ ಅರವತ್ತು ದಾಟಿದರೆ ತಾರಸಿ ಗಟ್ಟಿ, ಕೆಳಗೆ ಆನಿಸಿದ ಕಂಬಗಳನ್ನು ತೆಗೆಯಬಹುದು, ಬರೆದ ಪುಣ್ಯಾತ್ಮ ಯಾವ ಮೇಸ್ತ್ರಿಯ ಕೈಕೆಳಗೆ ಬೆವರು ಹರಿಸಿದ್ದನೋ — ನಾನೂರು, ಬಿಸಿಲು ಒಂದಿಷ್ಟು ಸರಿಯಿತು, ಕ್ಯೂಬಿನ ಮುಖ ಕಂಡಿತು, ಮುಖದ ನಡುವೆ ಒಂದು ಗುಳಿ.

ಹೆಬ್ಬೆರಳ ಗುಳಿ. ತುದಿಯಲ್ಲಿ ಚೂರು ಇಲ್ಲದ ಹೆಬ್ಬೆರಳು, ಆ ಚೂರನ್ನು ಕಂಬಿ ಕತ್ತರಿಸುವ ಯಂತ್ರ ನುಂಗಿದ ದಿನ ಅವನು ಪಕ್ಕದಲ್ಲೇ ಇದ್ದ, ಅಣ್ಣನದು, ಇಡೀ ಲೋಕದಲ್ಲಿ ಅಂಥದ್ದು ಇನ್ನೊಂದಿಲ್ಲ, ಹೊರಗಿನ ಸೈಟುಗಳಿಂದ ಪರೀಕ್ಷೆಗೆ ಬರುವ ಕ್ಯೂಬು ಯಾವ ಕಟ್ಟಡದ್ದೆಂದು ಇಲ್ಲಿ ವಿದ್ಯಾರ್ಥಿಗಳಿಗೆ ಹೇಳುವುದಿಲ್ಲ, ಬರೀ ನಂಬರು, ಆದರೆ ನಂಬರಿನ ಪಕ್ಕ ಅಣ್ಣ ಕಣ್ಣು ಬಿಟ್ಟುಕೊಂಡು ಕೂತಿದ್ದಾನೆ, ಐನೂರು, ಇಪ್ಪತ್ತೆಂಟು ದಿನದ ಹಿಂದೆ, ಅವತ್ತು ಕಾಲೇಜಿಗೆ ರಜೆ, ಅಣ್ಣನಿಗೊಂದು ಕೈ ಸಹಾಯವಾಗಲಿ ಎಂದು ಹೋಗಿದ್ದ, ನಡುವೆ ಒಂದು ಗೋಡೆಯೂ ಇಲ್ಲದ ದೊಡ್ಡ ಸಭಾಂಗಣದ ತಾರಸಿ, ಇನ್ನಷ್ಟು ನೀರು ಬಿಡೋ, ತಾನಾಗೇ ಹರೀಲಿ, ಸಂಜೆಯೊಳಗೆ ಮುಗೀಬೇಕು ಎಂದು ಮೇಸ್ತ್ರಿ ಕೂಗುತ್ತಿದ್ದ, ಕಾಂಕ್ರೀಟು ಗಂಜಿಯಂತೆ ಹರಿಯಿತು, ಆಮೇಲೆ ಅದೇ ಮೇಸ್ತ್ರಿ ಹತ್ತಿರ ಬಂದು, ಕ್ಯೂಬಿಗೆ ಬೇರೆ ಕಲಸು, ಎರಡು ಬಾಣಲಿ ಸಿಮೆಂಟು ಜಾಸ್ತಿ, ಪರೀಕ್ಷೆಗೆ ಹೋಗೋ ಕೂಸು, ಹೊಟ್ಟೆ ತುಂಬ ಉಣ್ಣಿಸಿ ಕಳಿಸ್ಬೇಕು ಎಂದು ಹೊಟ್ಟೆ ಕುಣಿಸಿ ನಕ್ಕ, ಇವನೂ ನಕ್ಕ, ಎಲ್ಲ ಸೈಟಿನಲ್ಲೂ ನಡೆಯುವುದೇ ಹೀಗೆ, ಕಲಸಿದ ಕೈ ಇವನದೇ, ಅಣ್ಣ ಬಗ್ಗಿ ನೋಡಿ, ನಮ್ಮ ಓದೋ ಸಾಹೇಬ್ರು ತುಂಬಿದ ಕ್ಯೂಬು, ನಂದೂ ಒಂದು ರುಜು ಇರ್ಲಿ ಎಂದು ಹಸಿಯ ಮೇಲೆ ಹೆಬ್ಬೆರಳು ಒತ್ತಿದ, ಐನೂರ ಅರವತ್ತು, ದಾಟಿತು, ಆರುನೂರು.

ಒಡಿ. ಒಡಿ ಮಾರಾಯ. ಒಡೆಯುವ ಮೊದಲು ಕಾಂಕ್ರೀಟು ಸಣ್ಣಗೆ ಮಾತಾಡುತ್ತದೆ, ಟಿಕ್, ಟಿಕ್, ಇದು ತುಟಿ ಬಿಚ್ಚುತ್ತಿಲ್ಲ, ಆದರೂ ಟಿಕ್ ಕೇಳಿಸುತ್ತಿದೆಯಲ್ಲ, ಮೇಲಿನಿಂದ, ತಲೆ ಎತ್ತಿದರೆ ಪ್ರಯೋಗಾಲಯದ ಸೂರು ಸುಣ್ಣ ಬಳಿದುಕೊಂಡು ಸುಮ್ಮನಿದೆ, ಒಂದು ಕೂದಲೆಳೆ ಬಿರುಕೂ ಇಲ್ಲ, ಏಳುನೂರು, ಗುಳಿ ಮೊದಲಿಗಿಂತ ಆಳವಾಗಿದೆಯೇ, ಒಳಗಿನಿಂದ ಯಾರೋ ಒತ್ತುತ್ತಿದ್ದಾರೆಯೇ, ಕ್ಯೂಬು ಗಟ್ಟಿಯಾದಷ್ಟೂ ಅಲ್ಲೆಲ್ಲೋ ತಾರಸಿ ಮೆತ್ತಗಾಗುತ್ತಿದೆ, ಇವರಿಗೆ ಹೇಗೆ ಹೇಳುವುದು, ಹೇಳಿದರೆ ಕಲಸಿದವನು ನಾನೇ ಅಂತಲೂ ಹೇಳಬೇಕು, ಕಾಲೇಜು ಹೊರಗೆ ಹಾಕುತ್ತದೆ, ಮತ್ತೆ ಸನಿಕೆ, ಎಂಟುನೂರು, ಭೇಷ್, ಇಷ್ಟು ಗಟ್ಟಿ ಕ್ಯೂಬು ನಾನೇ ನೋಡಿರಲಿಲ್ಲ, ಪಾಸ್ ಅಂತ ಬರೆದು ರುಜು ಹಾಕಪ್ಪ ಎಂದರು ಪಾಠ ಹೇಳುವ ಮೇಡಂ, ಪೆನ್ನು ಕೈಗೆ ಬಂತು, ಪೆನ್ನು ಬಿತ್ತು, ಇದು ಸುಳ್ಳು ಮೇಡಂ, ಇದು ತಾರಸಿಯದ್ದಲ್ಲ. ನಿಂಗೆ ಹೇಗೆ ಗೊತ್ತು? ನಾನೇ ಕಲಸಿದ್ದು, ಬೇರೆಯಾಗಿ.

ಮೇಡಂ ಕನ್ನಡಕ ತೆಗೆದರು, ಬೆಳಿಗ್ಗೆ ಎರಡು ಕ್ಯೂಬಿನ ಅಂಕಿ ನೋಡಿ ಸೈಟಿನ ಎಂಜಿನಿಯರಿಗೆ ಫೋನಲ್ಲಿ ಹೇಳ್ಬಿಟ್ಟೆನಲ್ಲೋ, ಕಂಬ ಬಿಚ್ಚೋಕೆ ಶುರು ಮಾಡಿ ಅಂತ — ಬಿಚ್ಚುವುದು ಯಾರು, ಆ ಸೈಟಿನಲ್ಲಿ ಕಂಬ ತೆಗೆಯುವ ಕೆಲಸ ಅಣ್ಣನದೇ, ತಾರಸಿಯ ಕೆಳಗೆ ಮೊದಲು ಹೋಗುವವನು, ಕೊನೆಗೆ ಹೊರಬರುವವನು, ಮೇಡಂ ಎಂಜಿನಿಯರಿಗೆ ಫೋನು ಹಚ್ಚಿದ್ದಾರೆ, ಬಿಜಿ ಬರ್ತಿದೆ, ಬಿಜಿ ಬರ್ತಿದೆ ಅನ್ನುತ್ತಿದ್ದಾರೆ, ಅವನ ಕಿವಿಯಲ್ಲಿ ಅಣ್ಣನ ಫೋನು ಬಡಿದುಕೊಳ್ಳುತ್ತಿದೆ, ಎತ್ತೋ ಅಣ್ಣ, ಅಂಗಿಯ ಜೇಬಿನಲ್ಲಿರುತ್ತದೆ, ಅಂಗಿ ಮೊಳೆಗೆ ತೂಗಿಬಿದ್ದಿರುತ್ತದೆ, ಅಣ್ಣ ತಾರಸಿಯ ಕೆಳಗಿರುತ್ತಾನೆ, ಎತ್ತೋ, ಯಂತ್ರವನ್ನು ಯಾರೂ ನಿಲ್ಲಿಸಿಲ್ಲ, ಒಂಬೈನೂರು, ರಿಂಗು, ಟಿಕ್, ರಿಂಗು, ಅವನ ಬೆರಳು ತಾನಾಗಿಯೇ ಹೋಗಿ ಆ ಗುಳಿಯೊಳಗೆ ಕೂತಿದೆ, ಕಲ್ಲು ತಣ್ಣಗಿರಬೇಕು, ತಣ್ಣಗಿಲ್ಲ, ಹೆಬ್ಬೆರಳ ಗುಳಿ, ಚೂರು ಇಲ್ಲದ ಹೆಬ್ಬೆರಳ ಗುಳಿ, ಒಡೆಯದ ಗುಳಿ, ಗುಳಿ